ಹಳೆಯ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳ ವಿಲೇವಾರಿ: ಯಾವ ಹೆಜ್ಜೆ ಮೊದಲು, ಯಾವುದು ನಂತರ

ಹಳೆಯ ಲ್ಯಾಪ್‌ಟಾಪ್, ಫೋನ್, ಪ್ರಿಂಟರ್, ಟಿವಿಗಳನ್ನು ಸರಿಯಾದ ರೀತಿಯಲ್ಲಿ ವಿಲೇವಾರಿ ಮಾಡಬೇಕೆಂದು ಹೊರಟವರು ಹೆಚ್ಚಾಗಿ ಎಡವುವುದು ಹೆಜ್ಜೆಗಳ ಕ್ರಮದಲ್ಲಿ. ಡಿಸ್ಕ್ ಅಳಿಸಿದ ಮೇಲೆ ಅದರಲ್ಲಿದ್ದ ಮಕ್ಕಳ ಫೋಟೊಗಳು ನೆನಪಾಗುತ್ತವೆ; ಫೋನನ್ನು ರೀಸೆಟ್ ಮಾಡಿದ ಮೇಲೆ ಉಳಿದೆಲ್ಲ ಖಾತೆಗಳಿಗೆ ಲಾಗಿನ್ ಕೋಡ್ ಕೊಡುವ ದೃಢೀಕರಣ ಆ್ಯಪ್ ಅದೇ ಫೋನಿನಲ್ಲಿತ್ತು ಎಂಬುದು ಹೊಳೆಯುತ್ತದೆ; ಪೆಟ್ಟಿಗೆಗೆ ತುಂಬಿ ಟೇಪು ಸುತ್ತಿದ ಮೇಲೆ ಬ್ಯಾಟರಿ ಉಬ್ಬಿರುವುದು ಕಣ್ಣಿಗೆ ಬೀಳುತ್ತದೆ. ಪ್ರತಿಯೊಂದು ಕೆಲಸವೂ ತನ್ನಷ್ಟಕ್ಕೆ ಸುಲಭವೇ, ಆದರೆ ಹಿಂದುಮುಂದಾದರೆ ಕೆಲವನ್ನು ಸರಿಪಡಿಸಲು ಆಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದ್ದ ಕ್ರಮದಲ್ಲೇ ಅನುಸರಿಸಬೇಕು. ವಿನಾಯಿತಿ ಒಂದೇ: ಉಬ್ಬಿದ ಬ್ಯಾಟರಿ ಕಂಡರೆ ಮಿಕ್ಕ ಕೆಲಸವನ್ನೆಲ್ಲ ನಿಲ್ಲಿಸಿ ನೇರವಾಗಿ ಹಂತ 5ಕ್ಕೆ ಹೋಗಬೇಕು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಗ್ರಿ

ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್‌ಗಳು (0 ಮತ್ತು 1ನೇ ಅಳತೆ), ಟಿ5ರಿಂದ ಟಿ8ರವರೆಗಿನ ಟಾರ್ಕ್ಸ್ ಬಿಟ್‌ಗಳು, ಮುಚ್ಚಳ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ, ಇನ್ಸುಲೇಷನ್ ಟೇಪು, ಮಾರ್ಕರ್ ಪೆನ್ನು ಮತ್ತು ಸಣ್ಣ ಜಿಪ್ ಚೀಲಗಳು ಇದ್ದರೆ ಬಿಚ್ಚುವ ಕೆಲಸಕ್ಕೆ ಸಾಕು. ಡೇಟಾ ಕೆಲಸಕ್ಕೆ ಒಂದು ಬಾಹ್ಯ ಡಿಸ್ಕ್, 8 ಜಿಬಿಯ ಪೆನ್‌ಡ್ರೈವ್ ಮತ್ತು ಸಾಟಾ (ಹಳೆಯ ಕಂಪ್ಯೂಟರುಗಳ ಸಾಮಾನ್ಯ ಜೋಡಣೆಯ ಬಗೆ) ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಬೇಕಾಗುತ್ತವೆ. ಲ್ಯಾಪ್‌ಟಾಪ್ ಹೊಸತಾಗಿದ್ದು ಒಳಗೆ ಚ್ಯೂಯಿಂಗ್ ಗಮ್ ಪಟ್ಟಿಯ ಗಾತ್ರದ ಎಂ.2 ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಇದ್ದರೆ ಸಾಟಾ ಅಡಾಪ್ಟರ್ ಉಪಯೋಗಕ್ಕೆ ಬಾರದು. ಅದಕ್ಕೆ ಬೇರೆಯೇ ಕವಚ ಸಿಗುತ್ತದೆ, ಮತ್ತು ಎನ್‌ವಿಎಂಇ ಎಂಬ ಹೊಸ, ವೇಗದ ಬಗೆಗೂ ಸಾಟಾ ಬಗೆಗೂ ಹೊಂದುವ ಕವಚವನ್ನೇ ಕೇಳಿ ತೆಗೆದುಕೊಳ್ಳುವುದು ಜಾಣತನ. ಬ್ಯಾಟರಿಗಾಗಿ ಒಣ ಮರಳು ತುಂಬಿದ ಲೋಹದ ಡಬ್ಬಿಯೊಂದನ್ನು ಕೆಲಸ ಆರಂಭಿಸುವ ಮೊದಲೇ ಸಿದ್ಧ ಮಾಡಬೇಕು, ಏಕೆಂದರೆ ಅದು ಬೇಕಾಗುವ ಹೊತ್ತಿನಲ್ಲಿ ಮರಳು ಹುಡುಕಲು ಸಮಯವಿರುವುದಿಲ್ಲ.

ಹಂತ 1: ಪಟ್ಟಿ ಮಾಡಿ, ಪ್ರತಿ ವಸ್ತುವಿನ ದಾರಿ ನಿರ್ಧರಿಸುವುದು

ಕಪಾಟಿನಲ್ಲಿರುವ ಎಲ್ಲವನ್ನೂ ಒಂದೇ ಕಡೆ ಹರಡಿ, ಪ್ರತಿಯೊಂದಕ್ಕೂ ಐದು ವಿವರಗಳನ್ನು ಬರೆದುಕೊಳ್ಳಬೇಕು: ಮಾದರಿ, ಸೀರಿಯಲ್ ನಂಬರ್, ಆನ್ ಆಗುತ್ತದೆಯೇ, ಒಳಗೆ ಡೇಟಾ ಉಳಿಯುವ ಭಾಗವಿದೆಯೇ, ಬ್ಯಾಟರಿ ಇದೆಯೇ. ಸೀರಿಯಲ್ ನಂಬರಿನ ಚೀಟಿಯ ಫೋಟೊ ತೆಗೆದಿಟ್ಟರೆ ಬರೆಯುವಾಗ ಆಗುವ ತಪ್ಪು ತಪ್ಪುತ್ತದೆ. ಕಂಪ್ಯೂಟರಿನ ನಂಬರ್ ಬೇರೆ, ಅದರೊಳಗಿನ ಡಿಸ್ಕಿನ ನಂಬರ್ ಬೇರೆ. ಮರುಸಂಸ್ಕರಣೆದಾರರು ಕೊಡುವ ಡೇಟಾ ನಾಶದ ಪ್ರಮಾಣಪತ್ರದಲ್ಲಿ ಎರಡನೆಯದು ಮುಖ್ಯ.

ಬಳಿಕ ಒಂದೊಂದಕ್ಕೂ ಮೂರರಲ್ಲಿ ಒಂದು ದಾರಿ: ಮತ್ತೆ ಬಳಸುವುದು, ಇನ್ನೊಬ್ಬರಿಗೆ ಕೊಡುವುದು, ಮರುಸಂಸ್ಕರಣೆಗೆ ಕಳಿಸುವುದು. ಲ್ಯಾಪ್‌ಟಾಪ್ ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರಸೂಸುವಿಕೆಯ ಹೆಚ್ಚಿನ ಪಾಲು ಅದರ ತಯಾರಿಕೆಯಲ್ಲೇ ಆಗಿಹೋಗಿರುವುದರಿಂದ, ಇರುವುದನ್ನು ಇನ್ನೆರಡು ವರ್ಷ ಓಡಿಸುವುದು ಅತ್ಯುತ್ತಮ ಮರುಸಂಸ್ಕರಣೆಗಿಂತಲೂ ಮೇಲು. ತಿರುಗುವ ಹಾರ್ಡ್‌ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ‘ನಿಧಾನ’ ಎಂಬ ದೂರು ಬಹುಪಾಲು ಕಂಪ್ಯೂಟರುಗಳಲ್ಲಿ ಮಾಯವಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಎಷ್ಟೋ ಯಂತ್ರಗಳು ವಿಂಡೋಸ್ 11ರ ಅರ್ಹತೆ ಪಡೆಯಲಿಲ್ಲ. ಅಂಥವು ಕೆಟ್ಟಿವೆ ಎಂದಲ್ಲ. 4 ಜಿಬಿ ರ್‍ಯಾಮ್ ಇದ್ದರೂ ಲಿನಕ್ಸ್ ಮಿಂಟ್‌ನಂಥ ವ್ಯವಸ್ಥೆ ಅವುಗಳಲ್ಲಿ ನೆಮ್ಮದಿಯಿಂದ ಓಡುತ್ತದೆ. ಆದರೆ 2 ಜಿಬಿ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿರುವ ಅಗ್ಗದ ಲ್ಯಾಪ್‌ಟಾಪಿಗೆ ಹೊಸ ಜೀವ ಕೊಡಲು ವಾರಾಂತ್ಯ ಕಳೆಯುವುದನ್ನು ನಾನು ಶಿಫಾರಸು ಮಾಡುವುದಿಲ್ಲ.

ಹಂತ 2: ಬ್ಯಾಕಪ್, ಮತ್ತು ಬ್ಯಾಕಪ್ಪಿನ ಪರೀಕ್ಷೆ

ಬಾಹ್ಯ ಡಿಸ್ಕಿಗೆ ಕಡತಗಳನ್ನು ನಕಲು ಮಾಡಿದರೆ ಅರ್ಧ ಕೆಲಸ ಮಾತ್ರ ಆದಂತೆ. ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ನಾಲ್ಕಾರು ಫೋಟೊ, ಒಂದೆರಡು ವಿಡಿಯೊ, ಹಳೆಯ ಒಂದು ದಾಖಲೆಯನ್ನು ತೆರೆದು ನೋಡಿದ ಮೇಲಷ್ಟೇ ಅದು ಬ್ಯಾಕಪ್ ಎನಿಸಿಕೊಳ್ಳುತ್ತದೆ. ಹೆಸರು ಕಾಣುತ್ತದೆ, ತೆರೆದರೆ ಖಾಲಿ ಎಂಬ ಸ್ಥಿತಿ ಅಪರೂಪವಲ್ಲ. ಕ್ಲೌಡ್ ಸಂಗ್ರಹದ ಫೋಲ್ಡರಿನಲ್ಲಿ ಅಂತರ್ಜಾಲದಲ್ಲಷ್ಟೇ ಇರುವ ಕಡತಗಳ ಕುರುಹುಗಳು ಮಾತ್ರ ಡಿಸ್ಕಿನಲ್ಲಿದ್ದಾಗ ಇಂಥ ಮೋಸವಾಗಬಹುದು.

ಜನ ಮರೆಯುವ ಜಾಗಗಳು ಹೆಚ್ಚುಕಡಿಮೆ ನಿಗದಿಯಾಗಿವೆ: ಡೆಸ್ಕ್‌ಟಾಪ್ ಪರದೆಯ ಮೇಲಿನ ಕಡತಗಳು, ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಲೆಕ್ಕಪತ್ರದ ತಂತ್ರಾಂಶ ತನ್ನದೇ ಫೋಲ್ಡರಿನಲ್ಲಿಟ್ಟ ದತ್ತಾಂಶ, ಫೋನಿನ ಚಾಟ್ ಇತಿಹಾಸ. ಕಂಪ್ಯೂಟರಿನಲ್ಲಿ ಇನ್ನೊಬ್ಬರ ಬಳಕೆದಾರ ಖಾತೆ ಇದ್ದರೆ ಅವರನ್ನೂ ಕೇಳಬೇಕು.

ಹಂತ 3: ಖಾತೆಗಳಿಂದ ಹೊರಬರುವುದು

ಈ ಹಂತ ಡೇಟಾ ಅಳಿಸುವುದಕ್ಕಿಂತ ಮೊದಲೇ ಆಗಬೇಕು. ಕ್ರಮ ತಪ್ಪಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಐಫೋನ್, ಐಪ್ಯಾಡ್ ಮತ್ತು ಹೊಸ ಮ್ಯಾಕ್‌ಗಳಲ್ಲಿ ‘ಆ್ಯಕ್ಟಿವೇಶನ್ ಲಾಕ್’ ಇರುತ್ತದೆ. ಕಳೆದ ಸಾಧನ ಹುಡುಕುವ ‘ಫೈಂಡ್ ಮೈ’ ಸೌಲಭ್ಯವನ್ನು ಆಫ್ ಮಾಡದೆ ಸಾಧನವನ್ನು ಕೊಟ್ಟರೆ ಮುಂದಿನವರ ಕೈಯಲ್ಲಿ ಅದು ತೆರೆಯುವುದೇ ಇಲ್ಲ, ಚೆನ್ನಾಗಿ ನಡೆಯುವ ಯಂತ್ರವನ್ನೂ ಮರುಸಂಸ್ಕರಣೆಯವರು ಪುಡಿ ಮಾಡಬೇಕಾಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಖಾತೆ ತೆಗೆಯದೆ, ಗುಂಡಿಗಳನ್ನು ಒತ್ತಿ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೂ ಹಳೆಯ ಖಾತೆಯ ಪಾಸ್‌ವರ್ಡನ್ನೇ ಅದು ಮತ್ತೆ ಕೇಳುತ್ತದೆ.

ಒಳಗಿನ ಕ್ರಮ ಹೀಗಿರಲಿ. ಮೊದಲು ದೃಢೀಕರಣ ಆ್ಯಪ್‌ನಲ್ಲಿರುವ ಎಲ್ಲ ಖಾತೆಗಳನ್ನೂ ಹೊಸ ಫೋನಿಗೆ ವರ್ಗಾಯಿಸಿ, ಹೊಸದರಿಂದ ಒಮ್ಮೆ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಬೇಕು. ನಂತರ ಬ್ಯಾಂಕಿಂಗ್ ಮತ್ತು ಚಾಟ್ ಆ್ಯಪ್‌ಗಳನ್ನು ಹೊಸ ಫೋನಿನಲ್ಲಿ ಚಾಲ್ತಿಗೊಳಿಸಬೇಕು. ಸಾಧನಗಳ ಸಂಖ್ಯೆಗೆ ಮಿತಿ ಇರುವ ತಂತ್ರಾಂಶಗಳ ಪರವಾನಗಿಯನ್ನು ಹಳೆಯ ಕಂಪ್ಯೂಟರಿನಿಂದ ಬಿಡಿಸಬೇಕು. ಕೊನೆಯಲ್ಲಿ ಗೂಗಲ್, ಆ್ಯಪಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಔಟ್ ಆಗಬೇಕು. ಸಿಮ್ ಕಾರ್ಡ್, ಮೆಮೊರಿ ಕಾರ್ಡ್, ಡಿವಿಡಿ ಟ್ರೇಯಲ್ಲಿ ಉಳಿದ ಡಿಸ್ಕ್, ಕಂಪ್ಯೂಟರಿನ ಹಿಂದೆ ಸಿಕ್ಕಿಸಿಯೇ ಬಿಟ್ಟ ಪುಟ್ಟ ಪೆನ್‌ಡ್ರೈವ್, ಇವನ್ನು ಹೊರತೆಗೆಯಬೇಕು. ಇ-ಸಿಮ್ ಇದ್ದರೆ ಅದನ್ನು ಹೊಸ ಫೋನಿಗೆ ವರ್ಗಾಯಿಸದೆ ಅಳಿಸಬಾರದು.

ಆ್ಯಪಲ್ ಸಾಧನವನ್ನು ಈಗಾಗಲೇ ಕೊಟ್ಟುಬಿಟ್ಟಿದ್ದರೆ, ಐಕ್ಲೌಡ್‌ನ ಸಾಧನಗಳ ಪಟ್ಟಿಯಲ್ಲಿ ಅದನ್ನು ಆರಿಸಿ ಮೊದಲು ‘ಅಳಿಸು’, ಆಮೇಲೆ ‘ಖಾತೆಯಿಂದ ತೆಗೆ’ ಎಂಬ ಆದೇಶ ಕೊಡಬಹುದು.

ಹಂತ 4: ಡೇಟಾ ಅಳಿಸುವುದು

ಕಡತವನ್ನು ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡುವುದು, ಅಥವಾ ‘ಕ್ವಿಕ್ ಫಾರ್ಮ್ಯಾಟ್’ ಮಾಡುವುದು ಸಾಲದು. ಇವೆರಡೂ ಕಡತ ಎಲ್ಲಿದೆ ಎಂಬ ಸೂಚಿಯನ್ನು ಅಳಿಸುತ್ತವೆಯೇ ಹೊರತು, ಹಾರ್ಡ್‌ಡಿಸ್ಕಿನ ಮೇಲೆ ಬರೆದ ಡೇಟಾ ಹಾಗೆಯೇ ಇರುತ್ತದೆ. ಮನೆಯ ನಾಮಫಲಕ ಕಿತ್ತಿಟ್ಟರೆ ಮನೆ ಖಾಲಿಯಾಗುವುದಿಲ್ಲ. ಫೋಟೊರೆಕ್‌ನಂಥ ಉಚಿತ ತಂತ್ರಾಂಶವೇ ಅಂಥ ಡಿಸ್ಕಿನಿಂದ ಸಾವಿರಾರು ಚಿತ್ರಗಳನ್ನು ಹೊರತೆಗೆಯಬಲ್ಲದು.

ಯಾವ ವಿಧಾನ ಬಳಸಬೇಕೆಂಬುದು ಒಳಗಿರುವುದು ತಿರುಗುವ ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿಯೋ ಎಂಬುದರ ಮೇಲೆ ನಿಂತಿದೆ. ಎರಡಕ್ಕೂ ಒಂದೇ ಮದ್ದು ಬಳಸುವುದು ಈ ಹಂತದ ಸಾಮಾನ್ಯ ತಪ್ಪು.

*4.1 ತಿರುಗುವ ಹಾರ್ಡ್‌ಡಿಸ್ಕ್.* ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆದರೆ ಸಾಕು. ಏಳು ಸಲ, ಮೂವತ್ತೈದು ಸಲ ಬರೆಯಬೇಕೆಂಬ ಹಳೆಯ ಸಲಹೆ ಇನ್ನೂ ಚಲಾವಣೆಯಲ್ಲಿದೆಯಾದರೂ, ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 800-88 ಮಾರ್ಗಸೂಚಿಯ ಪ್ರಕಾರ ಇಂಥ ಡಿಸ್ಕುಗಳಿಗೆ ಸಾಮಾನ್ಯವಾಗಿ ಒಂದೇ ಸುತ್ತು ಸಾಕಾಗುತ್ತದೆ. ವಿಂಡೋಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ ಆರಿಸಿ, ‘ರಿಮೂವ್ ಎವೆರಿಥಿಂಗ್’ ಒತ್ತಿ, ಅಲ್ಲಿಂದ ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ಹೋಗಿ ‘ಕ್ಲೀನ್ ಡೇಟಾ’ ಎಂಬುದನ್ನು ಆನ್ ಮಾಡಬೇಕು. ಈ ಕೊನೆಯ ಗುಂಡಿ ಮೊದಲಿನಿಂದ ಆಫ್ ಆಗಿರುತ್ತದೆ, ಆದ್ದರಿಂದಲೇ ಬಹಳ ಜನರ ರೀಸೆಟ್ ಅಪೂರ್ಣವಾಗಿ ಉಳಿಯುತ್ತದೆ. ವಿಂಡೋಸ್ ತೆರೆಯದಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ಎನ್‌ವೈಪ್ ತಂತ್ರಾಂಶವನ್ನು ಬಳಸಬಹುದು. 1 ಟಿಬಿ ಡಿಸ್ಕಿಗೆ ಕಂಪ್ಯೂಟರಿನ ಒಳಗಿದ್ದಾಗ ಸುಮಾರು 2ರಿಂದ 3 ಗಂಟೆ ಹಿಡಿಯುತ್ತದೆ. ಹಳೆಯ ಯುಎಸ್‌ಬಿ 2 ಅಡಾಪ್ಟರ್ ಮೂಲಕವಾದರೆ 8 ಗಂಟೆಯ ಹತ್ತಿರ. ಒಂದು ಟಿಬಿ ಡಿಸ್ಕಿನ ‘ಪೂರ್ಣ ಅಳಿಕೆ’ ಐದು ನಿಮಿಷದಲ್ಲಿ ಮುಗಿದರೆ ಅದು ಪೂರ್ಣ ಅಳಿಕೆಯಲ್ಲ.

ಬಾಹ್ಯ ಡಿಸ್ಕ್‌ಗಳು ಜೋಡಿಸಿಕೊಂಡೇ ಇದ್ದರೆ ಬ್ಯಾಕಪ್ ಡಿಸ್ಕನ್ನೇ ಅಳಿಸಿಬಿಡುವ ಅಪಾಯವಿದೆ. ಅಳಿಸುವ ಆದೇಶ ಕೊಡುವ ಮೊದಲು ಬ್ಯಾಕಪ್ ಡಿಸ್ಕಿನ ವೈರನ್ನು ಕಿತ್ತು, ಬೇರೆ ಕೋಣೆಯಲ್ಲಿಟ್ಟು ಬರಬೇಕು. ಪರದೆಯ ಮೇಲೆ ಕಾಣುವ ಡಿಸ್ಕಿನ ಗಾತ್ರ ಮತ್ತು ಸೀರಿಯಲ್ ನಂಬರನ್ನು ಹಂತ 1ರ ಪಟ್ಟಿಯೊಂದಿಗೆ ತಾಳೆ ನೋಡಿ ಮುಂದುವರಿಯಬೇಕು.

*4.2 ಎಸ್‌ಎಸ್‌ಡಿ.* ಇಲ್ಲಿ ಸೊನ್ನೆ ಬರೆಯುವ ವಿಧಾನ ಭರವಸೆಗೆ ಅರ್ಹವಲ್ಲ. ಎಸ್‌ಎಸ್‌ಡಿಯ ನಿಯಂತ್ರಕವು ಕೋಶಗಳು ಸಮನಾಗಿ ಸವೆಯಲೆಂದು ಬರಹವನ್ನು ಬೇರೆ ಬೇರೆ ಕಡೆ ಹಂಚುತ್ತದೆ, ಅಲ್ಲದೆ ಕಾರ್ಯಾಚರಣೆ ವ್ಯವಸ್ಥೆಗೆ ಕಾಣದ ಒಂದಿಷ್ಟು ಮೀಸಲು ಜಾಗವನ್ನೂ ಇಟ್ಟುಕೊಂಡಿರುತ್ತದೆ. ಹೊರಗಿನಿಂದ ಎಷ್ಟು ಬರೆದರೂ ಆ ಜಾಗ ತಲುಪಿದ ಖಾತ್ರಿ ಇರುವುದಿಲ್ಲ. ನಿಯಂತ್ರಕಕ್ಕೇ ‘ಎಲ್ಲವನ್ನೂ ಅಳಿಸು’ ಎಂದು ಆದೇಶಿಸುವುದು ಸರಿಯಾದ ದಾರಿ. ಸಾಟಾ ಬಗೆಗೆ ‘ಸೆಕ್ಯೂರ್ ಇರೇಸ್’, ಎನ್‌ವಿಎಂಇ ಬಗೆಗೆ ‘ಸ್ಯಾನಿಟೈಸ್’ ಎಂಬ ಆದೇಶಗಳಿವೆ. ಅನೇಕ ಲ್ಯಾಪ್‌ಟಾಪ್‌ಗಳ ಬಯೋಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶ) ಮೆನುವಿನಲ್ಲಿ ಅಥವಾ ಡಿಸ್ಕ್ ತಯಾರಕರ ಸ್ವಂತ ತಂತ್ರಾಂಶದಲ್ಲಿ ಇವು ಸಿಗುತ್ತವೆ. ಯುಎಸ್‌ಬಿ ಅಡಾಪ್ಟರ್‌ಗಳು ಈ ಆದೇಶಗಳನ್ನು ಹೆಚ್ಚಾಗಿ ದಾಟಿಸುವುದಿಲ್ಲವಾದ್ದರಿಂದ ಡಿಸ್ಕನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡೇ ಮಾಡುವುದು ಒಳ್ಳೆಯದು. ಡಿಸ್ಕ್ ‘ಫ್ರೋಝನ್’ ಆಗಿದೆ ಎಂಬ ಉತ್ತರ ಬಂದರೆ ಗಾಬರಿ ಬೇಡ. ಅದು ಚಾಲೂ ಆಗುವಾಗ ಬಯೋಸ್ ಹಾಕಿದ ರಕ್ಷಣೆ. ಲ್ಯಾಪ್‌ಟಾಪನ್ನು ಸ್ಲೀಪ್ ಸ್ಥಿತಿಗೆ ಕಳಿಸಿ ಮತ್ತೆ ಎಬ್ಬಿಸಿದರೆ ಅದು ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ.

ಡಿಸ್ಕ್ ಮೊದಲಿನಿಂದ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಮ್ಯಾಕ್‌ನ ಫೈಲ್‌ವಾಲ್ಟ್‌ನಿಂದ ಗೂಢಲಿಪೀಕರಣಗೊಂಡಿದ್ದರೆ (ಕೀಲಿಯಿಲ್ಲದೆ ಓದಲಾಗದಂತೆ ಬದಲಾಗಿದ್ದರೆ) ಕೆಲಸ ಹಗುರ, ಏಕೆಂದರೆ ಕೀಲಿಯನ್ನು ನಾಶ ಮಾಡಿದರೆ ಉಳಿದ ಡೇಟಾ ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಟಿ2 ಚಿಪ್ ಅಥವಾ ಆ್ಯಪಲ್‌ನದೇ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ‘ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಮಾಡುವುದು ಇದನ್ನೇ, ಆದ್ದರಿಂದ ಅದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

*4.3 ಫೋನ್ ಮತ್ತು ಟ್ಯಾಬ್ಲೆಟ್.* ಈಚಿನ ಐಫೋನ್ ಮತ್ತು ಆಂಡ್ರಾಯ್ಡ್ ಫೋನ್‌ಗಳು ಪೆಟ್ಟಿಗೆಯಿಂದ ಬರುವಾಗಲೇ ಗೂಢಲಿಪೀಕರಣಗೊಂಡಿರುವುದರಿಂದ ಸೆಟ್ಟಿಂಗ್ಸ್ ಮೂಲಕ ಫ್ಯಾಕ್ಟರಿ ರೀಸೆಟ್ ಮಾಡಿದರೆ ಸಾಕು. ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಫೋನುಗಳಲ್ಲಿ ಮೊದಲು ‘ಎನ್‌ಕ್ರಿಪ್ಟ್ ಫೋನ್’ ಆಯ್ಕೆಯನ್ನು ಚಾಲ್ತಿ ಮಾಡಿ, ಅದು ಪೂರ್ಣಗೊಂಡ ಮೇಲೆ ರೀಸೆಟ್ ಮಾಡಬೇಕು.

*4.4 ಆನ್ ಆಗದ ಕಂಪ್ಯೂಟರ್.* ಕಂಪ್ಯೂಟರ್ ಸತ್ತಿದೆ ಎಂದರೆ ಡಿಸ್ಕ್ ಸತ್ತಿದೆ ಎಂದರ್ಥವಲ್ಲ. ಸಾಮಾನ್ಯವಾಗಿ ಕೆಟ್ಟಿರುವುದು ಚಾರ್ಜಿಂಗ್ ಭಾಗವೋ ಬೋರ್ಡೋ ಆಗಿರುತ್ತದೆ. ಚಾರ್ಜರ್ ಕಿತ್ತು, ತಳದ ಸ್ಕ್ರೂಗಳನ್ನು ತೆಗೆದು, ಪ್ಲಾಸ್ಟಿಕ್ ಪಟ್ಟಿಯಿಂದ ಮುಚ್ಚಳ ಎಬ್ಬಿಸಿ, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ವೈರನ್ನು ಬೋರ್ಡಿನಿಂದ ಬಿಡಿಸಬೇಕು. ಬಳಿಕ ಡಿಸ್ಕನ್ನು ಹೊರತೆಗೆದು ಅಡಾಪ್ಟರ್ ಮೂಲಕ ಬೇರೊಂದು ಕಂಪ್ಯೂಟರಿಗೆ ಜೋಡಿಸಬೇಕು. ವಿಂಡೋಸ್ ಆಗ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಮನೆಬಳಕೆಯ ಕಂಪ್ಯೂಟರಾದರೆ ಅದು ಬಹುತೇಕ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಬ್ಯಾಕಪ್ ಬೇಕಿಲ್ಲದಿದ್ದರೆ ಕೀ ಇಲ್ಲದೆಯೂ ಅಳಿಸಬಹುದು.

*4.5 ಡಿಸ್ಕೇ ಕೆಟ್ಟಿದ್ದರೆ.* ಅಳಿಸುವ ಆದೇಶವನ್ನೇ ಸ್ವೀಕರಿಸದ ಡಿಸ್ಕನ್ನು ಮಾತ್ರ ಒಡೆಯಬೇಕು. ಸುಸ್ಥಿತಿಯ ಡಿಸ್ಕಿಗೆ ಡ್ರಿಲ್ ಹಿಡಿಯುವುದು ನನ್ನ ದೃಷ್ಟಿಯಲ್ಲಿ ಶುದ್ಧ ನಷ್ಟ. ಅಳಿಸಿದರೆ ಅದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ದುಡಿಯುತ್ತದೆ. ಒಡೆಯಲೇಬೇಕಾದರೆ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿ, ಡಿಸ್ಕನ್ನು ಕಂಪ್ಯೂಟರಿನಿಂದ ಪೂರ್ತಿ ಹೊರತೆಗೆದು, ತಟ್ಟೆಗಳಿರುವ ಭಾಗದಲ್ಲಿ ಮೂರು ನಾಲ್ಕು ರಂಧ್ರ ಕೊರೆಯಬೇಕು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕುಗಳ ತಟ್ಟೆ ಹಲವು ಬಾರಿ ಗಾಜಿನದಾಗಿದ್ದು, ಚೂರುಚೂರಾಗಿ ಸಿಡಿಯುತ್ತದೆ. ಎಸ್‌ಎಸ್‌ಡಿಯಾದರೆ ಬೋರ್ಡನ್ನು ಮುರಿದರೆ ಸಾಲದು, ಅದರ ಮೇಲಿನ ಪ್ರತಿಯೊಂದು ಕಪ್ಪು ಮೆಮೊರಿ ಚಿಪ್ಪೂ ಒಡೆಯಬೇಕು. ಅಯಸ್ಕಾಂತ ಹಿಡಿಯುವುದು ಎಸ್‌ಎಸ್‌ಡಿಯ ಮೇಲೆ ಏನೂ ಪರಿಣಾಮ ಬೀರದು; ಮೈಕ್ರೋವೇವ್‌ನಲ್ಲಿಡುವುದು ಮತ್ತು ಸುಡುವುದು ಬೆಂಕಿ ಮತ್ತು ವಿಷಗಾಳಿಗೆ ದಾರಿ.

*4.6 ನೆನಪಿಗೆ ಬಾರದ ಸಾಧನಗಳು.* ರೂಟರಿನಲ್ಲಿ ವೈಫೈ ಪಾಸ್‌ವರ್ಡ್ ಮತ್ತು ಸಂಪರ್ಕದ ಲಾಗಿನ್, ಸ್ಮಾರ್ಟ್ ಟಿವಿಯಲ್ಲಿ ವಿಡಿಯೊ ಸೇವೆಗಳ ಖಾತೆ, ಕಾರಿನ ಜಿಪಿಎಸ್‌ನಲ್ಲಿ ಮನೆಯ ವಿಳಾಸ, ಸಿಸಿಟಿವಿ ಪೆಟ್ಟಿಗೆಯಲ್ಲಿ ತಿಂಗಳುಗಳ ದೃಶ್ಯ ಇರುತ್ತವೆ. ಕಚೇರಿಗಳ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿ ಹಲವಕ್ಕೆ ಹಾರ್ಡ್‌ಡಿಸ್ಕ್ ಇದ್ದು, ಪ್ರತಿ ಮಾಡಿದ ದಾಖಲೆಗಳ ಚಿತ್ರ ಅದರಲ್ಲಿ ಉಳಿದಿರಬಹುದು. ಗೇಮ್ ಕನ್ಸೋಲ್, ಸ್ಮಾರ್ಟ್ ಸ್ಪೀಕರ್, ವಾಚು, ಇ-ಪುಸ್ತಕ ಓದುವ ಸಾಧನ, ಎಲ್ಲಕ್ಕೂ ರೀಸೆಟ್ ಬೇಕು.

*4.7 ಪರಿಶೀಲನೆ.* ಅಳಿಸಿದ ಹಾರ್ಡ್‌ಡಿಸ್ಕಿನ ಮೇಲೆ ಫೋಟೊರೆಕ್ ಓಡಿಸಿ, ಅರ್ಧ ಗಂಟೆಯಲ್ಲಿ ಹಳೆಯ ಒಂದೇ ಒಂದು ಕಡತವೂ ಸಿಗದಿದ್ದರೆ ಅದು ಒಳ್ಳೆಯ ಲಕ್ಷಣ. ಹಳೆಯ ಒಂದೇ ಒಂದು ಫೋಟೊ ಹೊರಬಂದರೂ ಹಂತ 4ನ್ನು ಮೊದಲಿನಿಂದ ಮಾಡಬೇಕು. ಫೋನಾದರೆ ಆನ್ ಮಾಡಿ ನೋಡಬೇಕು: ಭಾಷೆ ಆರಿಸುವ ಸ್ವಾಗತ ಪರದೆ ಬಂದು, ಮುಂದೆ ಹಳೆಯ ಖಾತೆಯ ಪಾಸ್‌ವರ್ಡ್ ಕೇಳದಿದ್ದರೆ ಹಂತ 3 ಮತ್ತು 4 ಎರಡೂ ಸರಿಯಾಗಿವೆ.

ಹಂತ 5: ಬ್ಯಾಟರಿಗಳು

ಕಸದ ಲಾರಿಗಳಲ್ಲಿ, ವಿಂಗಡಣಾ ಘಟಕಗಳಲ್ಲಿ ಹೊತ್ತಿಕೊಳ್ಳುವ ಬೆಂಕಿಗೆ ಜಜ್ಜಿಹೋದ ಲಿಥಿಯಂ ಬ್ಯಾಟರಿಗಳು ದೊಡ್ಡ ಕಾರಣ. ಬ್ಯಾಟರಿಯೊಳಗಿನ ತೆಳು ಪೊರೆ ಹರಿದು ಎರಡು ಧ್ರುವಗಳು ಸೇರಿದರೆ ಉಷ್ಣತೆ ತನ್ನನ್ನು ತಾನೇ ಏರಿಸಿಕೊಳ್ಳುತ್ತಾ ಹೋಗುತ್ತದೆ, ಹೊರಗಿನ ಆಮ್ಲಜನಕದ ನೆರವಿಲ್ಲದೆಯೂ ಅದು ನಡೆಯಬಲ್ಲದು.

ಮೊದಲು ಉಬ್ಬಿದೆಯೇ ಎಂದು ನೋಡಬೇಕು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಸಮತಟ್ಟಾದ ಮೇಜಿನ ಮೇಲಿಟ್ಟು, ನಾಲ್ಕು ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ಮೃದುವಾಗಿ ಒತ್ತಬೇಕು. ಯಂತ್ರ ಓಲಾಡಿದರೆ, ಮುಚ್ಚಳ ಪೂರ್ತಿ ಕೂರದೆ ಒಂದು ಅಂಚಿನಲ್ಲಿ ಬೆಳಕು ಹಾಯುತ್ತಿದ್ದರೆ, ಟಚ್‌ಪ್ಯಾಡ್ ಒಂದು ಬದಿಯಲ್ಲಿ ಎದ್ದಿದ್ದರೆ ಅಥವಾ ಒತ್ತಿದಾಗ ಕ್ಲಿಕ್ ಆಗದೆ ಬಿಗಿಯಾಗಿದ್ದರೆ, ಕೆಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಬಲವಾಗಿದೆ. ಫೋನಿನಲ್ಲಿ ಪರದೆ ಚೌಕಟ್ಟಿನಿಂದ ಬಿಟ್ಟುಕೊಂಡಿರುತ್ತದೆ. ಸಿಹಿಯಾದ, ಉಗುರುಬಣ್ಣ ತೆಗೆಯುವ ದ್ರವದಂಥ ವಾಸನೆ ಬಂದರೆ ಒಳಗಿನ ದ್ರಾವಣ ಸೋರುತ್ತಿದೆ ಎಂದು ತಿಳಿಯಬೇಕು.

ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚುಚ್ಚಿ ಗಾಳಿ ಬಿಡಬಾರದು, ಒತ್ತಿ ಚಪ್ಪಟೆ ಮಾಡಬಾರದು, ಫ್ರಿಜ್‌ನಲ್ಲಿ ಇಡಬಾರದು. ಸುಲಭವಾಗಿ ಹೊರಬರುವಂತಿದ್ದರೆ ಪ್ಲಾಸ್ಟಿಕ್ ಉಪಕರಣದಿಂದಷ್ಟೇ ತೆಗೆದು, ಒಣ ಮರಳಿನ ಲೋಹದ ಡಬ್ಬಿಯಲ್ಲಿ ಹುದುಗಿಸಿ, ಗಾಳಿಯಾಡುವಂತೆ ಮುಚ್ಚಳವನ್ನು ಸಡಿಲ ಬಿಟ್ಟು, ಮನೆಯಿಂದ ಹೊರಗೆ, ಸುಡುವ ವಸ್ತುಗಳಿಂದ ದೂರವಿಡಬೇಕು. ಅಂಟಿಸಿದ್ದರೆ ಕೀಳಲು ಹೋಗದೆ ಇಡೀ ಸಾಧನವನ್ನೇ ಹಾಗೆ ಹೊರಗಿಟ್ಟು, ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಿ, ಅವರು ಹೇಳಿದ ರೀತಿಯಲ್ಲಿ ಒಯ್ಯಬೇಕು. ಸಿಳ್ಳೆಯಂಥ ಸದ್ದು, ಬಿಸಿ ಅಥವಾ ಹೊಗೆ ಕಂಡರೆ ಕೈ ಹಾಕದೆ ಎಲ್ಲರನ್ನೂ ಹೊರಗೆ ಕಳಿಸಿ ಅಗ್ನಿಶಾಮಕ ದಳವನ್ನು ಕರೆಯಬೇಕು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಅದನ್ನು ಉಸಿರಾಡಬಾರದು.

ಉಬ್ಬದ ಬ್ಯಾಟರಿಗಳ ವಿಷಯದಲ್ಲಿ ಕೆಲಸ ಸರಳ. ಚಾರ್ಜನ್ನು ಶೇ 30ಕ್ಕಿಂತ ಕೆಳಗೆ ಇಳಿಸಬೇಕು, ಏಕೆಂದರೆ ಚಾರ್ಜ್ ಕಡಿಮೆಯಿದ್ದಷ್ಟೂ ಅವಘಡದ ತೀವ್ರತೆ ಕಡಿಮೆ. ಹೊರತೆಗೆಯಬಹುದಾದ ಬ್ಯಾಟರಿಯ ಲೋಹದ ತುದಿಗಳಿಗೆ ಟೇಪು ಅಂಟಿಸಿ ಒಂದೊಂದನ್ನು ಪ್ರತ್ಯೇಕ ಚೀಲದಲ್ಲಿಡಬೇಕು. ಎರಡೂ ಧ್ರುವ ಒಂದೇ ಬದಿಯಲ್ಲಿರುವ 9 ವೋಲ್ಟ್ ಬ್ಯಾಟರಿಗೆ ಟೇಪು ಹಾಕದೆ ಡ್ರಾಯರಿನಲ್ಲಿ ಬಿಟ್ಟರೆ ಒಂದು ಕ್ಲಿಪ್ಪು ತಾಗಿದರೂ ಕಾದುಹೋಗುತ್ತದೆ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನು ತೆಗೆದ ಕೂಡಲೇ ಎರಡೂ ಮುಖಕ್ಕೆ ಟೇಪು ಸುತ್ತಿ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಮಗು ನುಂಗಿದರೆ ಅದು ಎರಡೇ ಗಂಟೆಯಲ್ಲಿ ಅನ್ನನಾಳವನ್ನು ತೀವ್ರವಾಗಿ ಸುಡಬಲ್ಲದು. ಯುಪಿಎಸ್‌ನ ಸೀಸ-ಆಮ್ಲದ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು, ಲಿಥಿಯಂ ಬ್ಯಾಟರಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಹಾಕಬಾರದು.

ಹಂತ 6: ಬಿಚ್ಚಬಾರದ ವಸ್ತುಗಳನ್ನು ಬೇರೆ ಮಾಡುವುದು

ತಾಮ್ರ, ಅಲ್ಯೂಮಿನಿಯಂ ತೆಗೆದು ಮಾರಬಹುದೆಂಬ ಆಸೆಯಿಂದ ಮನೆಯಲ್ಲೇ ಬಿಚ್ಚುವವರಿದ್ದಾರೆ. ಡಿಸ್ಕ್ ಮತ್ತು ಸುಲಭವಾಗಿ ಹೊರಬರುವ ಬ್ಯಾಟರಿ, ಇವೆರಡನ್ನು ಬಿಟ್ಟರೆ ಬೇರೇನನ್ನೂ ಮನೆಯಲ್ಲಿ ತೆಗೆಯುವ ಅಗತ್ಯವಿಲ್ಲ.

ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಮತ್ತು ಮಾನಿಟರಿನಲ್ಲಿ 20,000 ವೋಲ್ಟ್‌ಗೂ ಮೀರಿದ ಒತ್ತಡ ಬಳಕೆಯಾಗುತ್ತದೆ, ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಅದರ ಅಂಶ ಉಳಿದಿರಬಹುದು. ಟ್ಯೂಬಿನ ಗಾಜಿನಲ್ಲಿ ಸೀಸವಿದೆ, ಒಳಗೆ ನಿರ್ವಾತವಿರುವುದರಿಂದ ಕತ್ತು ಮುರಿದರೆ ಗಾಜು ಒಳಮುಖವಾಗಿ ಕುಸಿದು ಚೂರುಗಳು ಎರಚುತ್ತವೆ. ಮೈಕ್ರೋವೇವ್ ಒಲೆಯ ಕೆಪಾಸಿಟರಿನಲ್ಲಿ 2,000 ವೋಲ್ಟ್‌ನ ಆಸುಪಾಸಿನ ವಿದ್ಯುತ್ ಉಳಿದಿರಬಹುದು, ಅದು ಜೀವ ತೆಗೆಯಲು ಸಾಕು. ಫ್ರಿಜ್ ಮತ್ತು ಎಸಿಯ ತಾಮ್ರದ ನಳಿಕೆಯನ್ನು ಕತ್ತರಿಸಿದರೆ ತಂಪುಗೊಳಿಸುವ ಅನಿಲ ಹೊರಹೋಗುತ್ತದೆ: ಅಂಥ ಅನಿಲಗಳಲ್ಲಿ ಆರ್-134ಎ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಶಾಖ ಹಿಡಿಯುವಂಥದ್ದು, ಆರ್-600ಎ ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಬಳಕೆಯಿಂದ ತೆಗೆದ ಫ್ರಿಜ್ಜಿನ ಬಾಗಿಲನ್ನು ಮಾತ್ರ ಕೂಡಲೇ ಕಳಚಿಡಬೇಕು ಅಥವಾ ಕಟ್ಟಿಡಬೇಕು, ಮಕ್ಕಳು ಒಳಗೆ ಸಿಕ್ಕಿಕೊಳ್ಳದಂತೆ.

ಹಳೆಯ ಎಲ್‌ಸಿಡಿ ಪರದೆಗಳಲ್ಲಿ ಎಲ್‌ಇಡಿಯ ಬದಲು ಪಾದರಸವಿರುವ ತೆಳು ದೀಪಗಳಿವೆ. ಅವು ಅಥವಾ ಸಿಎಫ್‌ಎಲ್ ದೀಪ ಒಡೆದರೆ ಕಿಟಕಿ ತೆರೆದು ಎಲ್ಲರೂ ಹೊರಬಂದು, ಸ್ವಲ್ಪ ಹೊತ್ತಿನ ನಂತರ ಗಟ್ಟಿ ಕಾಗದದಿಂದ ಚೂರುಗಳನ್ನು ಬಳಿದು, ಉಳಿದ ಪುಡಿಯನ್ನು ಅಂಟುಟೇಪಿನಿಂದ ಎತ್ತಿ, ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಹಾಕಬೇಕು. ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಪಾದರಸದ ಆವಿ ಕೋಣೆಯೆಲ್ಲ ಹರಡುತ್ತದೆ. ವೈರುಗಳನ್ನು ಸುಟ್ಟು ತಾಮ್ರ ತೆಗೆಯುವುದಂತೂ ಕೂಡದು. ಪಿವಿಸಿ ಹೊದಿಕೆ ಸುಟ್ಟಾಗ ಡಯಾಕ್ಸಿನ್ ಎಂಬ ವಿಷವಸ್ತುಗಳು ಹುಟ್ಟುತ್ತವೆ.

ಹಂತ 7: ಯಾರಿಗೆ ಕೊಡುವುದು

ವಿಶ್ವಸಂಸ್ಥೆಯ 2024ರ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಅಧಿಕೃತವಾಗಿ ಸಂಗ್ರಹಿಸಿ ಮರುಸಂಸ್ಕರಿಸಿದ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ನಮ್ಮ ಕೈ ಬಿಟ್ಟ ವಸ್ತು ಸರಿಯಾದ ಜಾಗ ಸೇರಿತೆಂದು ಹಾಗೇ ಊಹಿಸಿಕೊಳ್ಳಲು ಈ ಅಂಕಿ ಅವಕಾಶ ಕೊಡುವುದಿಲ್ಲ.

ನಡೆಯುವ ಸಾಧನಕ್ಕೆ ಮೊದಲ ಆಯ್ಕೆ ದಾನ ಅಥವಾ ಮಾರಾಟ. ಚಾರ್ಜರ್ ಜೊತೆಗಿರಬೇಕು, ಡೇಟಾ ಅಳಿಸಿ ಹೊಸದಾಗಿ ವ್ಯವಸ್ಥೆ ಹಾಕಿರಬೇಕು, ಭದ್ರತಾ ನವೀಕರಣಗಳು ಇನ್ನೂ ಬರುತ್ತಿರಬೇಕು. ಇವು ಇಲ್ಲದ್ದನ್ನು ದಾನವೆಂದು ಕೊಡುವುದು ಪಡೆಯುವವರ ಮೇಲೆ ವಿಲೇವಾರಿಯ ಹೊರೆಯನ್ನು ಹೊರಿಸುವುದಷ್ಟೇ. ಕೆಟ್ಟ ಕಂಪ್ಯೂಟರುಗಳನ್ನು ‘ದೇಣಿಗೆ’ ಎಂದು ಹೆಸರಿಟ್ಟು ಬೇರೆ ದೇಶಕ್ಕೆ ಕಳಿಸುವವರ ಕೈಗಂತೂ ಕೊಡಬಾರದು. ಅಪಾಯಕಾರಿ ತ್ಯಾಜ್ಯವನ್ನು ಗಡಿ ದಾಟಿಸುವುದನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಬಾಸೆಲ್ ಒಪ್ಪಂದದ ತಿದ್ದುಪಡಿಯಂತೆ 2025ರ ಜನವರಿ 1ರಿಂದ ಅಪಾಯಕಾರಿಯಲ್ಲದ ಇ-ತ್ಯಾಜ್ಯವನ್ನು ಗಡಿ ದಾಟಿಸಲೂ ಪಡೆಯುವ ದೇಶದ ಪೂರ್ವಾನುಮತಿ ಬೇಕು.

ನಡೆಯದ ಸಾಧನಕ್ಕೆ ತಯಾರಕರ ಹಿಂಪಡೆಯುವ ವ್ಯವಸ್ಥೆಯನ್ನು ಮೊದಲು ನೋಡಬೇಕು. ಆ್ಯಪಲ್, ಡೆಲ್, ಎಚ್‌ಪಿ, ಲೆನೊವೊ ಮುಂತಾದ ಕಂಪನಿಗಳು ಅನೇಕ ದೇಶಗಳಲ್ಲಿ ಇದನ್ನು ನಡೆಸುತ್ತವೆ. ಅದು ಸಿಗದಿದ್ದರೆ ಪ್ರಮಾಣೀಕೃತ ಮರುಸಂಸ್ಕರಣೆದಾರರನ್ನು ಹುಡುಕಬೇಕು. ಆರ್2 ಮತ್ತು ಇ-ಸ್ಟೀವರ್ಡ್ಸ್ ಅಂತರರಾಷ್ಟ್ರೀಯವಾಗಿ ಪರಿಚಿತವಾದ ಎರಡು ಪ್ರಮಾಣಪತ್ರಗಳು. ಎರಡರ ಜಾಲತಾಣಗಳಲ್ಲೂ ಪ್ರಮಾಣ ಪಡೆದ ಘಟಕಗಳ ಪಟ್ಟಿಯಿದೆ. ಗೋಡೆಯ ಮೇಲಿನ ಚೌಕಟ್ಟನ್ನು ನಂಬುವ ಬದಲು ಆ ಪಟ್ಟಿಯಲ್ಲಿ ಘಟಕದ ವಿಳಾಸವನ್ನೇ ಹುಡುಕಬೇಕು, ಏಕೆಂದರೆ ಪ್ರಮಾಣಪತ್ರ ಆಯಾ ಘಟಕಕ್ಕೆ ಸೇರಿದ್ದು, ಕಂಪನಿಯ ಎಲ್ಲ ಶಾಖೆಗಳಿಗೂ ಅನ್ವಯಿಸಬೇಕೆಂದಿಲ್ಲ. ಐಎಸ್‌ಒ 14001 ಒಂದನ್ನೇ ತೋರಿಸಿದರೆ ಸಾಲದು. ಅದು ಪರಿಸರ ನಿರ್ವಹಣೆಯ ಸಾಮಾನ್ಯ ಪ್ರಮಾಣವೇ ಹೊರತು ಇ-ತ್ಯಾಜ್ಯಕ್ಕೆಂದೇ ಇರುವುದಲ್ಲ.

ಕೊಡುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಬ್ಯಾಟರಿಗಳು ಮತ್ತು ಸರ್ಕ್ಯೂಟ್ ಬೋರ್ಡುಗಳು ನಿಮ್ಮಿಂದ ಮುಂದೆ ಯಾರ ಬಳಿಗೆ ಹೋಗುತ್ತವೆ? ಸೀರಿಯಲ್ ನಂಬರ್ ಸಹಿತ ಡೇಟಾ ನಾಶದ ಪ್ರಮಾಣಪತ್ರ ಕೊಡುತ್ತೀರಾ? ಯಾವುದನ್ನು ತೆಗೆದುಕೊಳ್ಳುವುದಿಲ್ಲ? ಮೂರನೆಯ ಪ್ರಶ್ನೆಯ ಉತ್ತರವೇ ಹೆಚ್ಚು ಹೇಳುತ್ತದೆ: ಪಿಕ್ಚರ್ ಟ್ಯೂಬ್ ಮತ್ತು ಪಾದರಸದ ದೀಪಗಳ ಸಂಸ್ಕರಣೆಗೆ ಖರ್ಚಿದೆ, ಆದ್ದರಿಂದ ಅವನ್ನು ಕಣ್ಣು ಮಿಟುಕಿಸದೆ ಉಚಿತವಾಗಿ ಒಯ್ಯುತ್ತೇನೆ ಎನ್ನುವವರು ಆ ಖರ್ಚನ್ನು ಯಾರು ಭರಿಸುತ್ತಾರೆಂದು ವಿವರಿಸಬೇಕು. ಬೋರ್ಡು ಮತ್ತು ವೈರುಗಳನ್ನು ಮಾತ್ರ ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಹೋಗುವವರು, ರಶೀದಿ ಕೊಡಲು ಒಪ್ಪದವರು, ಅಂಗಳದಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇರುವ ಜಾಗ, ಇವುಗಳಿಂದ ಸಾಮಾನು ಸಮೇತ ಹಿಂತಿರುಗಬೇಕು.

ಹಂತ 8: ಕಟ್ಟುವುದು, ಒಪ್ಪಿಸುವುದು, ರಶೀದಿ ಪಡೆಯುವುದು

ಪರದೆಗಳನ್ನು ಮುಖಕ್ಕೆ ಮುಖ ಮಾಡಿ, ನಡುವೆ ರಟ್ಟು ಇಟ್ಟು ನೆಟ್ಟಗೆ ನಿಲ್ಲಿಸಬೇಕು. ಒಳಗೆ ಬ್ಯಾಟರಿ ಉಳಿದಿರುವ ಪ್ರತಿ ಸಾಧನದ ಮೇಲೂ ‘ಬ್ಯಾಟರಿ ಒಳಗಿದೆ’ ಎಂದು ದೊಡ್ಡದಾಗಿ ಬರೆಯಬೇಕು. ಯಂತ್ರದಲ್ಲಿ ಪುಡಿ ಮಾಡುವವರಿಗೆ ಈ ಎರಡು ಪದ ಜೀವರಕ್ಷಕ. ಟೋನರ್ ಡಬ್ಬಿಗಳನ್ನು ಪ್ರಿಂಟರಿನಿಂದ ತೆಗೆದು ಚೀಲದಲ್ಲಿ ಬಿಗಿಯಾಗಿ ಮುಚ್ಚಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬ್ಯಾಟರಿಗಳ ಪೆಟ್ಟಿಗೆಯನ್ನು ಬಿಟ್ಟು ಹೋಗಬಾರದು.

ಒಪ್ಪಿಸುವಾಗ ಹಂತ 1ರ ಪಟ್ಟಿಯ ಎರಡು ಪ್ರತಿ ಜೊತೆಗಿರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಮತ್ತು ಸಹಿ ಪಡೆಯಬೇಕು. ಡೇಟಾ ನಾಶದ ಪ್ರಮಾಣಪತ್ರ ಸ್ಥಳದಲ್ಲೇ ಸಿಗದೆ ನಂತರ ಬರುವುದಾದರೆ ಎಂದು ಬರುತ್ತದೆ ಎಂಬುದನ್ನು ಅದೇ ಹಾಳೆಯಲ್ಲಿ ಬರೆಸಿಕೊಳ್ಳಬೇಕು. ಪ್ರಮಾಣಪತ್ರ ಕೈಸೇರಿದಾಗ ಡಿಸ್ಕಿನ ಸೀರಿಯಲ್ ನಂಬರುಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಒಂದು ನಂಬರ್ ಕಾಣದಿದ್ದರೆ ಅಂದೇ ಬರವಣಿಗೆಯಲ್ಲಿ ವಿಚಾರಿಸಬೇಕು, ಮತ್ತು ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಆ ಡಿಸ್ಕಿನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳನ್ನು, ಇಮೇಲ್ ಮತ್ತು ಬ್ಯಾಂಕಿನದರಿಂದ ಆರಂಭಿಸಿ, ಬದಲಾಯಿಸಬೇಕು.